ಆತ್ಮಹತ್ಯೆಯನ್ನು ಕುರಿತ ಜನರ ನಂಬಿಕೆಗಳು ಮತ್ತು ಅವುಗಳ ಮಾಪನ

೧

ಧಾನ್ಯವನ್ನು ಕೊಳಗದಿಂದಲೂ ಬಟ್ಟೆಯನ್ನು ಗಜದಿಂದಲೂ ಅಳೆಯುವುದು ಹಿಂದಿನಿಂದ ಬಂದ ರೂಢಿ. ಅಳೆಯತಕ್ಕ ವಸ್ತು ಕಣ್ಣೆದುರಿಗೇ ಇರುವುದರಿಂದ ಅಳತೆಯಲ್ಲಿ ತಪ್ಪಾದರೆ ಅದನ್ನು ಕಂಡುಹಿಡಿಯುವುದೂ ಕಷ್ಟವಲ್ಲ. ಆದರೆ ಒಂದು ಸಮಾಜದ ಜನ ಒಂದು ವಿಷಯವನ್ನು ಕುರಿತು ಏನನ್ನು ನಂಬುತ್ತಾರೆ, ಅದನ್ನು ಎಷ್ಟು ಒಪ್ಪುತ್ತಾರೆ, ಎಷ್ಟು ಹಳಿಯುತ್ತಾರೆ ಎಂಬುದನ್ನು ಅಳೆಯುವ ಕೊಳಗ ಯಾವುದು? ಮನಸ್ಸಿನೊಳಗೆ ಅಡಗಿರುವುದನ್ನು ಮಾತಿನ ಮೂಲಕವಲ್ಲದೆ ಹೊರತೆಗೆಯಲು ದಾರಿಯಿಲ್ಲ; ಮಾತಾದರೋ ಹೇಳುವವನ ಸಂಕೋಚಕ್ಕೂ ಕೇಳುವವನ ಪದಪ್ರಯೋಗಕ್ಕೂ ಒಳಪಟ್ಟದ್ದು. ಆತ್ಮಹತ್ಯೆಯಂತಹ ವಿಷಯದಲ್ಲಿ ಈ ತೊಡಕು ಇಮ್ಮಡಿಯಾಗುತ್ತದೆ. ಮನೆಗಳಲ್ಲಿ ಆ ಶಬ್ದವನ್ನು ಉಚ್ಚರಿಸುವುದಕ್ಕೇ ಹಿಂಜರಿಯುವ ಜನರಿಂದ ಅದರ ಬಗೆಗಿನ ಅಭಿಪ್ರಾಯವನ್ನು ಕಾಗದದ ಮೇಲೆ ಪಡೆಯುವುದು ಹೇಗೆ?

ಈ ಪ್ರಶ್ನೆ ಕೇವಲ ಪಾಂಡಿತ್ಯದ ಕುತೂಹಲಕ್ಕೆ ಸೇರಿದುದಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಕಚೇರಿಯು ಪ್ರಕಟಿಸಿದ ವರದಿಯ ಪ್ರಕಾರ ೨೦೨೨ರಲ್ಲಿ ಭಾರತದಲ್ಲಿ ಆತ್ಮಹತ್ಯೆಯಿಂದ ಸತ್ತವರ ಸಂಖ್ಯೆ ೧,೭೦,೯೨೪. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ೨೦೨೧ರಲ್ಲಿ ಜಗತ್ತಿನಾದ್ಯಂತ ಹೀಗೆ ಸತ್ತವರು ಸುಮಾರು ೭,೨೭,೦೦೦ ಮಂದಿ. ಈ ಸಾವುಗಳಿಗೆ ಕಾರಣಗಳು ಹಲವು: ಮನೋರೋಗ, ಮದ್ಯಪಾನ, ಸಾಲ, ದೀರ್ಘವ್ಯಾಧಿ, ಕುಟುಂಬಕಲಹ, ಏಕಾಕಿತನ. ಯಾವುದೊಂದನ್ನೂ ಏಕೈಕ ಕಾರಣವೆಂದು ಹೇಳುವಂತಿಲ್ಲ. ಆದರೆ ಕಷ್ಟಕ್ಕೆ ಸಿಕ್ಕಿದವನು ತನ್ನ ಸಂಕಟವನ್ನು ಇನ್ನೊಬ್ಬರ ಮುಂದೆ ಹೇಳಿಕೊಳ್ಳುವನೋ ಇಲ್ಲವೋ ಎಂಬುದು ಸುತ್ತಲಿನವರ ನಂಬಿಕೆಗಳನ್ನು ಬಹುಮಟ್ಟಿಗೆ ಅವಲಂಬಿಸಿದೆ. ಸಾಯುತ್ತೇನೆಂದು ಹೇಳುವವನು ಸಾಯುವುದಿಲ್ಲವೆಂದು ನೆರೆಯವರು ನಂಬಿದ್ದರೆ ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಅವನು ಹೇಡಿಯೆಂದು ವೈದ್ಯನು ಎಣಿಸಿದ್ದರೆ ಆಸ್ಪತ್ರೆಯಲ್ಲಿ ಅವನಿಗೆ ದೊರೆಯುವುದು ತಿರಸ್ಕಾರ. ಮನೆತನದ ಮಾನಕ್ಕೆ ಕುಂದೆಂದು ಬಂಧುಗಳು ಭಾವಿಸಿದರೆ ವಿಷಯ ಹೊರಗೆ ಬಾರದಂತೆ ಮುಚ್ಚಿಹೋಗುತ್ತದೆ. ಆದಕಾರಣ ಈ ನಂಬಿಕೆಗಳನ್ನು ಅರಿಯುವುದು ಸಾವನ್ನು ತಡೆಯುವ ಕೆಲಸದ ಒಂದು ಅಂಗವೇ ಆಗಿದೆ.

೨

ಫ್ರೆಂಚ್ ಸಮಾಜಶಾಸ್ತ್ರಜ್ಞ ಎಮಿಲ್ ದುರ್ಖೈಮನು ೧೮೯೭ರಲ್ಲಿ ಪ್ರಕಟಿಸಿದ ಆತ್ಮಹತ್ಯೆಯನ್ನು ಕುರಿತ ಗ್ರಂಥವು ಈ ಶಾಸ್ತ್ರದ ಮೈಲಿಗಲ್ಲು. ಅವನು ಸರಕಾರದ ಅಂಕಿಅಂಶಗಳನ್ನು ಆಧಾರವಾಗಿಟ್ಟುಕೊಂಡು, ಯಾವ ಸಮಾಜದಲ್ಲಿ ಜನರ ಪರಸ್ಪರ ಬಂಧನ ಸಡಿಲವಾಗಿದೆಯೋ ಅಲ್ಲಿ ಇಂತಹ ಸಾವುಗಳು ಹೆಚ್ಚೆಂದು ವಾದಿಸಿದನು. ಸತ್ತವರನ್ನು ಎಣಿಸುವ ಮಾರ್ಗ ಅದು. ಬದುಕಿರುವವರು ಏನೆಂದುಕೊಳ್ಳುತ್ತಾರೆಂಬುದನ್ನು ಎಣಿಸುವ ಮಾರ್ಗ ಆಗಿನ್ನೂ ಹುಟ್ಟಿರಲಿಲ್ಲ.

ಆ ಮಾರ್ಗವನ್ನು ತೆರೆದವನು ಶಿಕಾಗೊ ವಿಶ್ವವಿದ್ಯಾನಿಲಯದ ಲೂಯಿ ಥರ್ಸ್ಟನ್. ಮನೋಭಾವಗಳನ್ನು ಅಳೆಯಲು ಸಾಧ್ಯವೆಂದು ಅವನು ೧೯೨೮ರಲ್ಲಿ ಬರೆದ ಪ್ರಬಂಧದ ಶೀರ್ಷಿಕೆಯೇ ಸಾರಿತು. ಮರುವರ್ಷ ಚೇವ್ ಎಂಬ ಸಹೋದ್ಯೋಗಿಯೊಡನೆ ಅವನು ಕ್ರೈಸ್ತ ಚರ್ಚಿನ ಬಗೆಗಿನ ಮನೋಭಾವವನ್ನು ಅಳೆಯುವ ಮಾಪಕವೊಂದನ್ನು ಪ್ರಕಟಿಸಿದನು. ಅವನ ವಿಧಾನ ಹೀಗಿತ್ತು: ಮೊದಲು ಚರ್ಚಿನ ಪರವಾದ, ವಿರೋಧವಾದ, ಎರಡಕ್ಕೂ ಸೇರದ ೧೩೦ ಹೇಳಿಕೆಗಳನ್ನು ಸಂಗ್ರಹಿಸಲಾಯಿತು. ಬಳಿಕ ೩೦೦ ಮಂದಿ ತೀರ್ಪುಗಾರರು ತಮ್ಮ ಸ್ವಂತ ಅಭಿಪ್ರಾಯವನ್ನು ಬದಿಗಿಟ್ಟು, ಪ್ರತಿಯೊಂದು ಹೇಳಿಕೆಯೂ ಎಷ್ಟು ಅನುಕೂಲ ಅಥವಾ ಎಷ್ಟು ಪ್ರತಿಕೂಲ ಎಂಬುದನ್ನು ಗಮನಿಸಿ ಅವುಗಳನ್ನು ೧೧ ಗುಂಪುಗಳಾಗಿ ವಿಂಗಡಿಸಿದರು. ಯಾವ ಹೇಳಿಕೆಯ ವಿಷಯದಲ್ಲಿ ತೀರ್ಪುಗಾರರಲ್ಲೇ ಒಮ್ಮತವಿಲ್ಲವೋ ಅದು ದ್ವಂದ್ವಾರ್ಥದ್ದೆಂದು ತಳ್ಳಿಹೋಯಿತು. ಉಳಿದವು ಅಳತೆಪಟ್ಟಿಯ ಗೆರೆಗಳಂತೆ ಸ್ಥಾನ ಪಡೆದುವು. ಒಬ್ಬ ವ್ಯಕ್ತಿ ಒಪ್ಪಿದ ಹೇಳಿಕೆಗಳ ಸ್ಥಾನಗಳಿಂದ ಅವನ ಸ್ಥಾನವೂ ಗೊತ್ತಾಗುತ್ತಿತ್ತು.

ಈ ವಿಧಾನ ಶ್ರಮಸಾಧ್ಯವಾದುದು. ೧೯೩೨ರಲ್ಲಿ ರೆನ್ಸಿಸ್ ಲಿಕರ್ಟ್ ಎಂಬವನು ಸರಳವಾದ ಮಾರ್ಗವನ್ನು ತೋರಿಸಿದನು. ತೀರ್ಪುಗಾರರ ಗೊಡವೆ ಬೇಡ. ಪ್ರತಿಯೊಂದು ಹೇಳಿಕೆಗೂ ಉತ್ತರ ಕೊಡುವವನೇ 'ಪೂರ್ಣವಾಗಿ ಒಪ್ಪುತ್ತೇನೆ' ಎಂಬುದರಿಂದ 'ಸ್ವಲ್ಪವೂ ಒಪ್ಪುವುದಿಲ್ಲ' ಎಂಬವರೆಗಿನ ಐದು ಮೆಟ್ಟಿಲುಗಳಲ್ಲಿ ಒಂದನ್ನು ಆರಿಸಲಿ. ಮೆಟ್ಟಿಲಿನ ಅಂಕಗಳನ್ನು ಕೂಡಿಸಿದರೆ ಸಾಕು. ಇಂದು ಪ್ರಪಂಚದ ಎಲ್ಲೆಡೆ ಬಳಕೆಯಲ್ಲಿರುವ ಪ್ರಶ್ನಾವಳಿಗಳಲ್ಲಿ ಹೆಚ್ಚಿನವು ಈ ಐದು ಮೆಟ್ಟಿಲಿನ ಸಂತಾನವೇ. ಒಂದೇ ವಿಷಯಕ್ಕೆ ಸೇರಿದ ಹೇಳಿಕೆಗಳು ನಿಜವಾಗಿ ಒಂದೇ ದಿಕ್ಕಿನಲ್ಲಿ ಸಾಗುತ್ತವೆಯೆ ಎಂದು ಪರೀಕ್ಷಿಸಲು ೧೯೫೧ರಲ್ಲಿ ಲೀ ಕ್ರಾನ್‌ಬಾಕ್ ವಿವರಿಸಿದ 'ಆಲ್ಫಾ' ಎಂಬ ಗುಣಾಂಕವು ಈ ಕೆಲಸದ ಇನ್ನೊಂದು ಆಧಾರ. ಗುಣಾಂಕವು ೧ಕ್ಕೆ ಸಮೀಪವಾದಷ್ಟೂ ಹೇಳಿಕೆಗಳು ಒಂದೇ ದಾರಕ್ಕೆ ಪೋಣಿಸಿದ ಮಣಿಗಳಂತಿವೆ ಎಂದರ್ಥ.

೩

ಆತ್ಮಹತ್ಯೆಗೆ ಈ ವಿಧಾನವನ್ನು ವಿಸ್ತಾರವಾಗಿ ಅನ್ವಯಿಸಿದವರಲ್ಲಿ ಮೊದಲು ಹೆಸರಿಸತಕ್ಕವನು ಅಮೆರಿಕದ ಅರಿಜೋನ ವಿಶ್ವವಿದ್ಯಾನಿಲಯದ ಜಾರ್ಜ್ ಡೊಮಿನೊ. ೧೯೮೦ರ ಸುಮಾರಿಗೆ ಅವನೂ ಅವನ ಸಹೋದ್ಯೋಗಿಗಳೂ ಸಿದ್ಧಪಡಿಸಿದ 'ಆತ್ಮಹತ್ಯೆಯ ಅಭಿಪ್ರಾಯ ಪ್ರಶ್ನಾವಳಿ'ಯಲ್ಲಿ ೧೦೦ ಹೇಳಿಕೆಗಳಿವೆ. ಇವುಗಳಿಂದ ಮುಂದೆ ಎಂಟು ಉಪಮಾಪಕಗಳನ್ನು ರಚಿಸಲಾಯಿತು: ಆತ್ಮಹತ್ಯೆಯು ಮನೋರೋಗದ ಲಕ್ಷಣವೆ, ಸಹಾಯಕ್ಕಾಗಿ ಇಟ್ಟ ಮೊರೆಯೆ, ಸಾಯುವುದು ವ್ಯಕ್ತಿಯ ಹಕ್ಕೆ, ಧರ್ಮಶ್ರದ್ಧೆಗೂ ಅದಕ್ಕೂ ಸಂಬಂಧವೇನು, ಅದು ಆ ಕ್ಷಣದ ಆವೇಶವೆ, ಸಾಮಾನ್ಯ ಮನುಷ್ಯನಿಗೂ ಬರಬಹುದಾದ ಯೋಚನೆಯೆ, ಕೋಪದ ಇನ್ನೊಂದು ರೂಪವೆ, ನೀತಿದೃಷ್ಟಿಯಿಂದ ಕೇಡೆ ಎಂಬಿವೇ ಆ ಎಂಟು. ೧೯೯೨ರಲ್ಲಿ ರಾಜರ್ಸ್ ಮತ್ತು ಡೆಶಾನ್ ಎಂಬ ವಿದ್ವಾಂಸರು ಈ ಉಪಮಾಪಕಗಳನ್ನು ಮರುಪರೀಕ್ಷಿಸಿ, ಇವುಗಳಲ್ಲಿ ಆಂತರಿಕ ಹೊಂದಾಣಿಕೆ ಸಾಲದೆಂದೂ ಎಂಟಕ್ಕೆ ಬದಲಾಗಿ ಐದು ಅಂಶಗಳ ವಿಂಗಡಣೆ ಹೆಚ್ಚು ಯುಕ್ತವೆಂದೂ ತೋರಿಸಿದರು.

ಸ್ವೀಡನ್ನಿನ ಉಮಿಯೊ ವಿಶ್ವವಿದ್ಯಾನಿಲಯದ ಎಲ್ಲಿನೊರ್ ಸಾಲಾಂಡರ್ ರೆನ್‌ಬರ್ಗ್ ಮತ್ತು ಲಾರ್ಸ್ ಯಾಕಬ್‌ಸನ್ ಇವರು ಸಾಮಾನ್ಯ ಜನರಲ್ಲಿ ೧೯೮೬ರಲ್ಲಿಯೂ ೧೯೯೬ರಲ್ಲಿಯೂ ಸಮೀಕ್ಷೆ ನಡೆಸಿ, ೨೦೦೩ರಲ್ಲಿ ತಮ್ಮ ಪ್ರಶ್ನಾವಳಿಯ ಗುಣದೋಷಗಳನ್ನು ಪ್ರಕಟಿಸಿದರು. ಉತ್ತರಗಳು ಹತ್ತು ಅಂಶಗಳಾಗಿ ಒಡೆದುವು. ಆ ಹತ್ತೂ ಸೇರಿ ಉತ್ತರಗಳಲ್ಲಿನ ವೈವಿಧ್ಯದ ಶೇಕಡ ೬೦ ಭಾಗವನ್ನು ಮಾತ್ರ ವಿವರಿಸಿದುವು. ಆಸ್ಟ್ರೇಲಿಯದ ರಾಷ್ಟ್ರೀಯ ವಿಶ್ವವಿದ್ಯಾನಿಲಯದ ಫಿಲಿಪ್ ಬ್ಯಾಟರ್‌ಹ್ಯಾಮ್ ಮತ್ತು ಸಂಗಡಿಗರು ೨೦೧೩ರಲ್ಲಿ ಇನ್ನೊಂದು ಹಾದಿ ಹಿಡಿದರು. ಅವರು ಜ್ಞಾನವನ್ನೂ ಕಳಂಕಭಾವವನ್ನೂ ಬೇರೆ ಬೇರೆ ಪ್ರಶ್ನಾವಳಿಗಳಿಂದ ಅಳೆದರು. ಕಳಂಕದ ಪ್ರಶ್ನಾವಳಿಯಲ್ಲಿ ದೀರ್ಘವಾಕ್ಯಗಳಿಲ್ಲ. ಆತ್ಮಹತ್ಯೆಯಿಂದ ಸತ್ತವರಿಗೆ ಅನ್ವಯಿಸಬಹುದಾದ ಬಿಡಿ ವಿಶೇಷಣಗಳಿವೆ. ಅವು ಮೂರು ಗುಂಪುಗಳಾದುವು: ಹಳಿಯುವವು, ಒಂಟಿತನ ಮತ್ತು ಖಿನ್ನತೆಯನ್ನು ಸೂಚಿಸುವವು, ಆ ಸಾವನ್ನು ಹಿರಿದು ಮಾಡುವವು.

ಈ ಪ್ರತ್ಯೇಕತೆಯ ಹಿಂದೆ ಒಂದು ಮುಖ್ಯವಾದ ತಿಳಿವಳಿಕೆಯಿದೆ. ನಂಬಿಕೆ ಬೇರೆ, ಮನೋಭಾವ ಬೇರೆ. 'ಸಾಯುವ ಮಾತನ್ನು ಬಾಯಲ್ಲಿ ಆಡುವವರು ಅದನ್ನು ಮಾಡುವುದಿಲ್ಲ' ಎಂಬುದು ನಂಬಿಕೆ. ಅದು ನಿಜವೋ ಸುಳ್ಳೋ ಎಂದು ಪರೀಕ್ಷಿಸಬಹುದು, ಪರೀಕ್ಷಿಸಿದಾಗ ಸುಳ್ಳೆಂದೇ ತಿಳಿದುಬಂದಿದೆ. 'ಒಮ್ಮೆ ನಿಶ್ಚಯಿಸಿದವನನ್ನು ಯಾರೂ ತಡೆಯಲಾರರು' ಎಂಬುದೂ ಅಂತಹುದೇ. ಯತ್ನಿಸಿ ಬದುಕುಳಿದವರಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲವೆಂದು ದೀರ್ಘಕಾಲದ ಅಧ್ಯಯನಗಳು ತಿಳಿಸುತ್ತವೆ. ಆದರೆ 'ಸಾಯುವುದು ಪಾಪ' ಎಂಬ ಹೇಳಿಕೆಗೆ ಸರಿಯುತ್ತರವೆಂಬುದಿಲ್ಲ, ಅದು ಮೌಲ್ಯನಿರ್ಣಯ. ಮೊದಲನೆಯ ಬಗೆಯ ತಪ್ಪನ್ನು ಬೋಧನೆಯಿಂದ ತಿದ್ದಬಹುದು. ಎರಡನೆಯದು ತಿದ್ದತಕ್ಕ ತಪ್ಪೇ ಅಲ್ಲದಿರಬಹುದು. ಎರಡನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಿ ಅಂಕಗಳನ್ನು ಕೂಡಿಸಿದರೆ ಬರುವ ಮೊತ್ತವು ಯಾವುದರ ಅಳತೆಯೆಂದು ಹೇಳುವಂತಿಲ್ಲ. ಸೇರನ್ನೂ ಗಜವನ್ನೂ ಕೂಡಿಸಿದಂತಾಗುತ್ತದೆ.

೪

'ಆತ್ಮಹತ್ಯೆಯ ಬಗೆಗಿನ ಮನೋಭಾವ' ಎಂದು ಏಕವಚನದಲ್ಲಿ ಹೇಳುವುದೇ ಒಂದು ಅರ್ಥದಲ್ಲಿ ತಪ್ಪು. ಟರ್ಕಿಯ ಮನಶ್ಶಾಸ್ತ್ರಜ್ಞ ಮೆಹ್ಮತ್ ಎಸ್ಕಿನ್ ೧೯೯೫ರಲ್ಲಿ ಪ್ರಕಟಿಸಿದ ಹೋಲಿಕೆಯು ಇದಕ್ಕೆ ಉತ್ತಮ ನಿದರ್ಶನ. ಅವನು ಸ್ವೀಡನ್ ಮತ್ತು ಟರ್ಕಿ ದೇಶಗಳ ಪ್ರೌಢಶಾಲಾ ವಿದ್ಯಾರ್ಥಿಗಳಿಗೆ ಎರಡು ಬಗೆಯ ಪ್ರಶ್ನೆಗಳನ್ನು ಕೇಳಿದನು: ಆತ್ಮಹತ್ಯೆಯೆಂಬ ಕೃತ್ಯದ ಬಗ್ಗೆ ನಿನ್ನ ಅಭಿಪ್ರಾಯವೇನು? ನಿನ್ನ ಆಪ್ತ ಸ್ನೇಹಿತನು ಹಾಗೆ ಯೋಚಿಸಿದನೆಂದು ತಿಳಿದರೆ ಅವನೊಡನೆ ನೀನು ಹೇಗೆ ನಡೆದುಕೊಳ್ಳುವೆ? ಕೃತ್ಯದ ವಿಷಯದಲ್ಲಿ ಸ್ವೀಡನ್ನಿನವರು ಹೆಚ್ಚು ಉದಾರರಾಗಿದ್ದರು. ಸ್ನೇಹಿತನ ವಿಷಯದಲ್ಲಾದರೋ ಟರ್ಕಿಯವರೇ ಹೆಚ್ಚು ಆತ್ಮೀಯರಾಗಿದ್ದರು. ಕೃತ್ಯವನ್ನು ಒಪ್ಪದಿರುವುದೂ ವ್ಯಕ್ತಿಯನ್ನು ಕೈಬಿಡುವುದೂ ಒಂದೇ ಅಲ್ಲವೆಂಬುದು ಇದರಿಂದ ಸ್ಪಷ್ಟ. ಮೊದಲನೆಯ ಪ್ರಶ್ನೆಯನ್ನಷ್ಟೇ ಕೇಳಿದ್ದರೆ ಟರ್ಕಿಯ ಸಮಾಜ ಕಠೋರವೆಂಬ ತೀರ್ಮಾನ ಹೊರಬೀಳುತ್ತಿತ್ತು. ಎರಡನೆಯದನ್ನಷ್ಟೇ ಕೇಳಿದ್ದರೆ ಅದಕ್ಕೆ ವಿರುದ್ಧವಾದುದು.

ಹೀಗಿರುವಲ್ಲಿ ಒಂದು ಒಳ್ಳೆಯ ಪ್ರಶ್ನಾವಳಿಯು ಕಡೆಯ ಪಕ್ಷ ನಾಲ್ಕು ವಿಷಯಗಳನ್ನು ಬೇರೆಯಾಗಿ ಕೇಳಬೇಕಾಗುತ್ತದೆ: ಉತ್ತರ ಕೊಡುವವನಿಗೆ ತಿಳಿದಿರುವುದೇನು, ಕೃತ್ಯವನ್ನು ಅವನು ಹೇಗೆ ತೂಗುತ್ತಾನೆ, ಆ ಸ್ಥಿತಿಯಲ್ಲಿರುವ ಮನುಷ್ಯನೊಡನೆ ಹೇಗೆ ನಡೆದುಕೊಳ್ಳುತ್ತಾನೆ, ತಡೆಯುವುದು ಸಾಧ್ಯ, ತಡೆಯುವುದು ತನ್ನ ಕರ್ತವ್ಯ ಎಂದು ಎಣಿಸುತ್ತಾನೆಯೆ. ಇವು ಒಂದಕ್ಕೊಂದು ಹೊಂದಿಬರಲೇಬೇಕೆಂಬ ನಿಯಮವಿಲ್ಲ.

೫

ಉತ್ತರ ಬಂದಿತು, ಆದರೆ ಅದು ನಡತೆಯನ್ನು ಸೂಚಿಸುವುದೆ? ಈ ಸಂದೇಹ ಮಾಪಕಗಳಷ್ಟೇ ಹಳೆಯದು. ರಿಚರ್ಡ್ ಲಪಿಯರ್ ಎಂಬ ಅಮೆರಿಕನ್ ಸಮಾಜಶಾಸ್ತ್ರಜ್ಞನು ೧೯೩೦ರಿಂದ ಎರಡು ವರ್ಷಗಳ ಕಾಲ ಒಬ್ಬ ಚೀನೀ ದಂಪತಿಗಳೊಡನೆ ಆ ದೇಶದಲ್ಲಿ ಸಂಚರಿಸಿ ೨೫೧ ವಸತಿಗೃಹ ಮತ್ತು ಉಪಾಹಾರಗೃಹಗಳನ್ನು ಹೊಕ್ಕನು. ಪ್ರವೇಶವಿಲ್ಲವೆಂದವರು ಒಬ್ಬರೇ. ಬಳಿಕ ಅದೇ ಗೃಹಗಳಿಗೆ ಕಾಗದ ಬರೆದು ಚೀನೀಯರಿಗೆ ಎಡೆಗೊಡುವಿರಾ ಎಂದು ಕೇಳಿದಾಗ, ಉತ್ತರ ಕೊಟ್ಟ ೧೨೮ ಗೃಹಗಳಲ್ಲಿ ಶೇಕಡ ೯೦ಕ್ಕೂ ಹೆಚ್ಚು ಇಲ್ಲವೆಂದುವು. ೧೯೩೪ರಲ್ಲಿ ಪ್ರಕಟವಾದ ಈ ಶೋಧನೆ ಕಾಗದದ ಮಾತಿಗೂ ಬಾಗಿಲಿನ ನಡತೆಗೂ ಇರುವ ಅಂತರವನ್ನು ತೆರೆದು ತೋರಿತು. ಆತ್ಮಹತ್ಯೆಯ ವಿಷಯದಲ್ಲಿ ಈ ಅಂತರವು ಎರಡೂ ಕಡೆಗೆ ವಾಲಬಹುದು. ಪ್ರಶ್ನಾವಳಿಯಲ್ಲಿ ಸಹಾನುಭೂತಿಯ ಗೆರೆಗೆ ಗುರುತು ಹಾಕಿದವನು ತನ್ನ ಮನೆಯಲ್ಲೇ ಅಂತಹ ಪ್ರಸಂಗ ಬಂದಾಗ ಬೈದು ಬಾಯಿ ಮುಚ್ಚಿಸಬಹುದು. ಪಾಪವೆಂದು ಬರೆದ ಅಜ್ಜಿಯೊಬ್ಬಳು ರಾತ್ರಿಯಿಡೀ ಮೊಮ್ಮಗನ ಪಕ್ಕದಲ್ಲಿ ಎಚ್ಚರವಾಗಿ ಕುಳಿತಿರಬಹುದು.

ಇದರ ಜೊತೆಗೆ, ಜನ ತಾವು ನಂಬಿದ್ದನ್ನು ಹೇಳುವುದಕ್ಕಿಂತ ಹೇಳಿದರೆ ಒಪ್ಪಿಗೆಯಾಗುವಂತಹುದನ್ನು ಹೇಳುವ ಪ್ರವೃತ್ತಿಯೊಂದಿದೆ. ಈ ಪ್ರವೃತ್ತಿಯನ್ನೇ ಅಳೆಯಲು ಕ್ರೌನ್ ಮತ್ತು ಮಾರ್ಲೊ ಎಂಬವರು ೧೯೬೦ರಲ್ಲಿ ೩೩ ಹೇಳಿಕೆಗಳ ಮಾಪಕವೊಂದನ್ನು ರಚಿಸಿದರು. ಭಾರತದಲ್ಲಿ ಇದಕ್ಕೆ ಕಾನೂನಿನ ಭಯವೂ ಕೂಡಿಕೊಂಡಿತ್ತು. ೧೮೬೦ರ ದಂಡಸಂಹಿತೆಯ ೩೦೯ನೆಯ ಕಲಮು ಆತ್ಮಹತ್ಯೆಯ ಯತ್ನವನ್ನು ಒಂದು ವರ್ಷದವರೆಗಿನ ಸಜೆಗೆ ಗುರಿಯಾದ ಅಪರಾಧವೆಂದು ವಿಧಿಸಿತ್ತು. ಆ ಕಲಮನ್ನು ನಮೂನೆಯಾಗಿ ಕೊಟ್ಟ ಇಂಗ್ಲೆಂಡೇ ೧೯೬೧ರಲ್ಲಿ ಈ ಯತ್ನವನ್ನು ಅಪರಾಧಗಳ ಪಟ್ಟಿಯಿಂದ ತೆಗೆದುಹಾಕಿತು. ಭಾರತದ ಸರ್ವೋಚ್ಚ ನ್ಯಾಯಾಲಯವು ೧೯೯೪ರಲ್ಲಿ ರತಿನಮ್ ಮೊಕದ್ದಮೆಯಲ್ಲಿ ಕಲಮು ಸಂವಿಧಾನಬಾಹಿರವೆಂದಿತು. ೧೯೯೬ರಲ್ಲಿ ಜ್ಞಾನ ಕೌರ್ ಮೊಕದ್ದಮೆಯಲ್ಲಿ ಹಿರಿಯ ಪೀಠವು ಆ ತೀರ್ಪನ್ನು ತಿರುಗಿಸಿತು. ೨೦೧೭ರ ಮಾನಸಿಕ ಆರೋಗ್ಯಪಾಲನಾ ಅಧಿನಿಯಮದ ೧೧೫ನೆಯ ಕಲಮು, ಯತ್ನಿಸಿದ ವ್ಯಕ್ತಿಯು ತೀವ್ರವಾದ ಮಾನಸಿಕ ಒತ್ತಡದಲ್ಲಿದ್ದನೆಂದೇ ಭಾವಿಸಬೇಕು, ಅವನನ್ನು ದಂಡಿಸಕೂಡದು ಎಂದು ವಿಧಿಸಿತು. ೨೦೨೪ರ ಜುಲೈ ೧ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ ೩೦೯ನೆಯ ಕಲಮಿಗೆ ಸ್ಥಾನವಿಲ್ಲ. ಸರಕಾರಿ ನೌಕರನನ್ನು ಒತ್ತಾಯಪಡಿಸಲು ಅಥವಾ ತಡೆಯಲು ಮಾಡುವ ಯತ್ನ ಮಾತ್ರ ಅಪರಾಧವಾಗಿ ಉಳಿದಿದೆ. ಶಾಸನ ಹೀಗೆ ಬದಲಾದರೂ ಜನರ ಮನಸ್ಸಿನಲ್ಲಿ ಪೋಲೀಸರ ಭಯ ಒಂದೇ ದಿನದಲ್ಲಿ ಅಳಿಯುವುದಿಲ್ಲ. ಆದ್ದರಿಂದ ೨೦೧೭ಕ್ಕೆ ಮುಂಚೆ ಪಡೆದ ಉತ್ತರಗಳನ್ನೂ ಈಚಿನ ಉತ್ತರಗಳನ್ನೂ ಹೋಲಿಸುವವರು, ಬದಲಾದುದು ಮನೋಭಾವವೋ ಅದನ್ನು ಹೊರಗೆಡಹುವ ಧೈರ್ಯವೋ ಎಂದು ವಿಚಾರಿಸಬೇಕಾಗುತ್ತದೆ.

೬

ಮೇಲ್ಕಂಡ ಪ್ರಶ್ನಾವಳಿಗಳೆಲ್ಲವೂ ಹೊರನಾಡುಗಳಲ್ಲಿ, ಅಲ್ಲಿನ ಭಾಷೆಗಳಲ್ಲಿ ಹುಟ್ಟಿದವು. ಅವುಗಳನ್ನು ಇನ್ನೊಂದು ಭಾಷೆಗೆ ತರುವಾಗ ಅನುಸರಿಸುವ ಕ್ರಮವನ್ನು ರಿಚರ್ಡ್ ಬ್ರಿಸ್ಲಿನ್ ೧೯೭೦ರಲ್ಲಿ ವಿವರಿಸಿದನು: ಒಬ್ಬನು ಭಾಷಾಂತರಿಸಬೇಕು, ಮೂಲವನ್ನು ನೋಡದ ಇನ್ನೊಬ್ಬನು ಅದನ್ನು ಮತ್ತೆ ಮೂಲಭಾಷೆಗೆ ತಿರುಗಿಸಬೇಕು, ಎರಡು ಮೂಲಪಾಠಗಳೂ ಹೊಂದುವವರೆಗೆ ತಿದ್ದುತ್ತಿರಬೇಕು. ಕ್ರಮವೇನೋ ಒಳ್ಳೆಯದೇ. ಆದರೆ ಕನ್ನಡದ ವಿಷಯದಲ್ಲಿ ಅದು ಹಿಡಿಯಲಾರದ ತೊಡಕುಗಳು ಕೆಲವಿವೆ.

ಮೊದಲನೆಯದು ಹೆಸರಿನಲ್ಲೇ ಇದೆ. ಬ್ರಹ್ಮಹತ್ಯೆ, ಗೋಹತ್ಯೆ, ಭ್ರೂಣಹತ್ಯೆಗಳ ಸಾಲಿನಲ್ಲಿ ನಿಂತಿರುವ 'ಆತ್ಮಹತ್ಯೆ' ಎಂಬ ಪದವು ಪ್ರಶ್ನೆ ಮುಗಿಯುವ ಮೊದಲೇ ಪಾತಕದ ತೀರ್ಪನ್ನು ಕಿವಿಯಲ್ಲಿ ಹೇಳಿಬಿಡುತ್ತದೆ. ಮನೆಮಾತಿನಲ್ಲಿ ಜನ ಆ ಪದವನ್ನು ಬಳಸುವುದು ವಿರಳ. 'ಜೀವ ಕಳೆದುಕೊಂಡರು' ಎನ್ನುತ್ತಾರೆ. ಇನ್ನೂ ಸಂಕೋಚವಾದರೆ 'ಏನೋ ಮಾಡಿಕೊಂಡುಬಿಟ್ಟ' ಎನ್ನುತ್ತಾರೆ. 'ಏನಾದರೂ ಮಾಡಿಕೊಂಡುಬಿಟ್ಟಾಳು, ನೋಡಿಕೊಳ್ಳಿ' ಎಂಬ ಮಾತಿನಲ್ಲಿ ಆತಂಕವೂ ಕರುಣೆಯೂ ಇವೆ, ತೀರ್ಪಿಲ್ಲ. ಪತ್ರಿಕೆಗಳ 'ಜೀವನದಲ್ಲಿ ಜಿಗುಪ್ಸೆಗೊಂಡು' ಎಂಬ ಸಿದ್ಧವಾಕ್ಯವು ಕಾರಣವನ್ನು ಹೇಳಿದಂತೆ ತೋರಿಸಿ ಯಾವ ಕಾರಣವನ್ನೂ ಹೇಳುವುದಿಲ್ಲ. ಪ್ರಶ್ನಾವಳಿಯು ಇವುಗಳಲ್ಲಿ ಯಾವ ಮಾತನ್ನು ಆರಿಸುತ್ತದೆಯೋ ಅದರಂತೆ ಉತ್ತರವೂ ವಾಲುವ ಸಂಭವವಿದೆ.

ಎರಡನೆಯದು ವಿಶೇಷಣಗಳ ತೊಡಕು. ಇಂಗ್ಲಿಷಿನ ಒಂದೇ ಶಬ್ದವು ಕನ್ನಡದಲ್ಲಿ 'ತಪ್ಪು', 'ಪಾಪ', 'ಅಪರಾಧ', 'ಸಲ್ಲದು' ಎಂಬ ನಾಲ್ಕು ರೂಪಗಳನ್ನು ತಾಳಬಹುದು. ಪಾಪವು ದೇವರ ಮುಂದೆ, ಅಪರಾಧವು ಸರಕಾರದ ಮುಂದೆ, ತಪ್ಪು ಮನೆಯವರ ಮುಂದೆ. ಒಂದನ್ನು ಒಪ್ಪಿದವನು ಮತ್ತೊಂದನ್ನು ಒಪ್ಪಬೇಕಾಗಿಲ್ಲ. 'ಒಪ್ಪು' ಎಂಬ ಕ್ರಿಯಾಪದವೂ ಅಂತಹುದೇ: ಅನುಮೋದಿಸುವುದೂ ಒಪ್ಪುವುದೇ, ಇರುವುದನ್ನು ಇದೆಯೆನ್ನುವುದೂ ಒಪ್ಪುವುದೇ. ಐದು ಮೆಟ್ಟಿಲುಗಳ ನಡುವಿನ ಮೆಟ್ಟಿಲಿಗೆ 'ಹೇಳಲಾರೆ' ಎಂದು ಹೆಸರಿಟ್ಟರೆ, ಅದು ತಿಳಿಯದೆಂಬ ಅರ್ಥವೋ ತಿಳಿದೂ ಹೇಳಲು ಇಷ್ಟವಿಲ್ಲವೆಂಬ ಅರ್ಥವೋ ಗೊತ್ತಾಗುವುದಿಲ್ಲ. ನಿಷೇಧಾರ್ಥದ ಹೇಳಿಕೆಗಳನ್ನು ಓದಿ ಹೇಳಿ ಉತ್ತರ ಪಡೆಯುವಾಗಲೂ ಗೊಂದಲವುಂಟು. 'ತಡೆಯುವುದಕ್ಕಾಗುವುದಿಲ್ಲ' ಎಂಬುದಕ್ಕೆ ಒಬ್ಬನು 'ಇಲ್ಲ' ಎಂದರೆ, ಅದು ಹೇಳಿಕೆಗೆ ಅವನು ದನಿಗೂಡಿಸಿದ್ದೋ ಅದನ್ನು ತಳ್ಳಿಹಾಕಿದ್ದೋ?

ಮೂರನೆಯದು ಇನ್ನೂ ಸೂಕ್ಷ್ಮ. ಕನ್ನಡದಲ್ಲಿ ಮೂರನೆಯವರನ್ನು ಕುರಿತು ಹೇಳುವಾಗ ಗೌರವವನ್ನೋ ಅದರ ಅಭಾವವನ್ನೋ ಸೂಚಿಸದೆ ವಾಕ್ಯವನ್ನು ಮುಗಿಸುವುದು ಕಷ್ಟ. 'ಯತ್ನಿಸಿದವನು' ಎಂದರೆ ಒಂದು, 'ಯತ್ನಿಸಿದವರು' ಎಂದರೆ ಇನ್ನೊಂದು, 'ಯತ್ನಿಸಿದವಳು' ಎಂದರೆ ಮತ್ತೊಂದು. ಕಳಂಕವನ್ನು ಅಳೆಯಲು ಹೊರಟ ವಾಕ್ಯವು ತನ್ನ ಪ್ರತ್ಯಯದಲ್ಲೇ ಕಳಂಕವನ್ನು ಹಚ್ಚಬಹುದು ಅಥವಾ ಅಳಿಸಬಹುದು. ಮರುಭಾಷಾಂತರದಲ್ಲಿ ಈ ಮೂರೂ ಇಂಗ್ಲಿಷಿನ ಒಂದೇ ವಾಕ್ಯವಾಗಿಬಿಡುವುದರಿಂದ ಪರೀಕ್ಷಕನ ಕಣ್ಣಿಗೆ ವ್ಯತ್ಯಾಸ ಬೀಳುವುದೇ ಇಲ್ಲ.

ನಾಲ್ಕನೆಯದಾಗಿ, ಯಾವ ಸಾವನ್ನು ಆ ಹೆಸರಿನಿಂದ ಕರೆಯಬೇಕೆಂಬುದೇ ಎಲ್ಲರಿಗೂ ಸಮಾನವಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಶಾಸನಗಳು ಕ್ರಿ. ಶ. ೬೦೦ರ ಸುಮಾರಿನಿಂದ ಜೈನ ಯತಿಗಳ ಸಲ್ಲೇಖನವನ್ನು ಸ್ಮರಿಸುತ್ತವೆ, ಷ. ಶೆಟ್ಟರ್ ಅವರು ಇವುಗಳನ್ನು ಕೂಲಂಕಷವಾಗಿ ಅಧ್ಯಯನ ಮಾಡಿದ್ದಾರೆ. ಅದು ವ್ರತವೇ ಹೊರತು ಆತ್ಮಹತ್ಯೆಯಲ್ಲವೆಂಬುದು ಜೈನರ ನಿಲುವು. ೨೦೧೫ರ ಆಗಸ್ಟಿನಲ್ಲಿ ರಾಜಸ್ಥಾನದ ಉಚ್ಚ ನ್ಯಾಯಾಲಯವು ಅದನ್ನು ಆತ್ಮಹತ್ಯೆಗೆ ಸಮಾನವೆಂದಾಗ, ಅದೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆ ನೀಡಿತು. ವೀರಗಲ್ಲು, ಮಾಸ್ತಿಕಲ್ಲುಗಳನ್ನು ಕಂಡು ಬೆಳೆದ ನಾಡಿನಲ್ಲಿ, ತಾನಾಗಿ ಬರಮಾಡಿಕೊಂಡ ಸಾವನ್ನೆಲ್ಲ ಒಂದೇ ಪ್ರಶ್ನೆಯೊಳಗೆ ಅಡಗಿಸುವುದು ಸರಿಯಾಗಲಾರದು. ಉತ್ತರ ಕೊಡುವವನ ಮನಸ್ಸಿನಲ್ಲಿ ಯಾವ ಚಿತ್ರವಿದೆಯೆಂದು ಮೊದಲು ಕೇಳಿಕೊಂಡು ಮುಂದುವರಿಯುವುದೇ ಲೇಸು.

ಹೊರನಾಡಿನ ಕನ್ನಡ ಮನೆಗಳಲ್ಲಿ ಮತ್ತೊಂದು ಪ್ರಶ್ನೆ ಏಳುತ್ತದೆ. ಮುಂಬಯಿಯಲ್ಲೋ ಪುಣೆಯಲ್ಲೋ ನೆಲೆಸಿದ ಕುಟುಂಬದಲ್ಲಿ ತಂದೆ ಕನ್ನಡದಲ್ಲಿ ಓದಿ ಬರೆಯುವವನು. ಮಗ ಕನ್ನಡ ಮಾತನಾಡಿದರೂ ಓದುವುದು ಮರಾಠಿ ಅಥವಾ ಇಂಗ್ಲಿಷ್. ಅಜ್ಜಿಯ ಮಾತು ತುಳುವೋ ಕೊಂಕಣಿಯೋ ಆಗಿರಬಹುದು. ಮೂವರಿಗೂ ಅವರವರಿಗೆ ಸುಲಭವಾದ ಭಾಷೆಯಲ್ಲಿ ಪ್ರಶ್ನಾವಳಿ ಕೊಟ್ಟರೆ ಕಂಡುಬರುವ ಭೇದವು ತಲೆಮಾರಿನದೋ ಭಾಷೆಯದೋ? ಒಂದೇ ಭಾಷೆಯಲ್ಲಿ ಕೊಟ್ಟರೆ ಅದು ಮೂವರಲ್ಲಿ ಇಬ್ಬರಿಗೆ ಪರಕೀಯ. ಪ್ರಾಯಶಃ ಮಗನು ಇಂಗ್ಲಿಷಿನಲ್ಲಿ ನಿಸ್ಸಂಕೋಚವಾಗಿ ಗುರುತು ಹಾಕುವ ಹೇಳಿಕೆಯನ್ನು ಮನೆಮಾತಿನಲ್ಲಿ ತಾಯಿಯ ಮುಂದೆ ಓದಲಾರನು.

೭

ಹೀಗೆ ಕೇಳುವುದರಿಂದಲೇ ಕೇಡಾಗಬಹುದೆಂಬ ಅಂಜಿಕೆಯೂ ಬಹುಜನರಲ್ಲಿದೆ. ಇಲ್ಲದ ಯೋಚನೆಯನ್ನು ಹೊಗಿಸಿದಂತಾಗುವುದಿಲ್ಲವೆ ಎಂದು ಶಾಲೆಗಳ ಮುಖ್ಯರೂ ತಾಯಿತಂದೆಗಳೂ ಶಂಕಿಸುತ್ತಾರೆ. ಈ ಶಂಕೆಯನ್ನು ಅಮೆರಿಕದಲ್ಲಿ ಮೆಡಲಿನ್ ಗೌಲ್ಡ್ ಮತ್ತು ಸಂಗಡಿಗರು ಪ್ರಯೋಗಕ್ಕೆ ಒಳಪಡಿಸಿ ೨೦೦೫ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ನ್ಯೂಯಾರ್ಕ್ ರಾಜ್ಯದ ಪ್ರೌಢಶಾಲೆಗಳ ೨,೩೪೨ ವಿದ್ಯಾರ್ಥಿಗಳನ್ನು ಎರಡು ಪಂಗಡಗಳಾಗಿ ಮಾಡಿ, ಒಂದಕ್ಕೆ ಮೊದಲ ಸಮೀಕ್ಷೆಯಲ್ಲೇ ಆತ್ಮಹತ್ಯೆಯ ಪ್ರಶ್ನೆಗಳನ್ನು ಕೊಟ್ಟರು, ಇನ್ನೊಂದಕ್ಕೆ ಕೊಡಲಿಲ್ಲ. ಕೂಡಲೇ ನೋಡಿದಾಗಲೂ ಎರಡು ದಿನಗಳ ಬಳಿಕ ನೋಡಿದಾಗಲೂ ಪ್ರಶ್ನೆ ಕೇಳಿಸಿಕೊಂಡವರಲ್ಲಿ ಸಂಕಟವು ಹೆಚ್ಚಿರಲಿಲ್ಲ. ಮೊದಲೇ ಖಿನ್ನರಾಗಿದ್ದವರಲ್ಲಿ ಪ್ರಶ್ನೆ ಕೇಳಿಸಿಕೊಂಡವರ ಸಂಕಟವು ಕೇಳಿಸಿಕೊಳ್ಳದವರ ಸಂಕಟಕ್ಕಿಂತ ಕಡಿಮೆಯಾಗಿಯೇ ಇತ್ತು. ಆದುದರಿಂದ ಕೇಳುವುದು ತಪ್ಪಲ್ಲ. ಕೇಳಿ ಸುಮ್ಮನಾಗುವುದು ತಪ್ಪು. ತನ್ನ ಪ್ರಾಣದ ವಿಷಯವಾಗಿ ಗುರುತು ಹಾಕಿದ ಕಾಗದವೊಂದು ವಾರಗಟ್ಟಲೆ ಯಾರೂ ಓದದ ಕಟ್ಟಿನಲ್ಲಿ ಬಿದ್ದಿರುವಂತಾಗಬಾರದು. ಉತ್ತರಗಳ ಗೋಪ್ಯತೆಯನ್ನು ಕಾಪಾಡುವುದು, ಅಪಾಯದಲ್ಲಿರುವವನನ್ನು ಗುರುತಿಸಿ ಮುಟ್ಟುವ ಏರ್ಪಾಡನ್ನು ಮೊದಲೇ ಮಾಡಿಕೊಂಡಿರುವುದು, ಸಹಾಯ ದೊರೆಯುವ ಸ್ಥಳವನ್ನು ಪ್ರಶ್ನಾವಳಿಯ ಕೊನೆಯಲ್ಲೇ ಅಚ್ಚು ಹಾಕುವುದು, ಇವು ಕೇಳುವವರ ಹೊಣೆ. ಭಾರತದಲ್ಲಿ ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ 'ಟೆಲಿ ಮಾನಸ್' ದೂರವಾಣಿ ಸೇವೆಯು ೧೪೪೧೬ ಎಂಬ ಸಂಖ್ಯೆಯಲ್ಲಿ ಹಗಲೂ ರಾತ್ರಿಯೂ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಉಚಿತವಾಗಿ ದೊರೆಯುತ್ತದೆ. ಚೆನ್ನೈಯಲ್ಲಿ ಡಾ. ಲಕ್ಷ್ಮಿ ವಿಜಯಕುಮಾರ್ ೧೯೮೬ರಲ್ಲಿ ಸ್ಥಾಪಿಸಿದ 'ಸ್ನೇಹಾ' ಸಂಸ್ಥೆಯೂ ಇಂತಹ ಕೆಲಸದಲ್ಲಿ ತೊಡಗಿದೆ.

ಪ್ರಶ್ನೆಯನ್ನು ಹೊರಳಿಸಿ ಕೇಳುವ ದಾರಿಯೂ ಒಂದಿದೆ. ಅಮೆರಿಕದ ಮಾರ್ಷ ಲಿನಹನ್ ಮತ್ತು ಸಂಗಡಿಗರು ೧೯೮೩ರಲ್ಲಿ ಪ್ರಕಟಿಸಿದ ೪೮ ಹೇಳಿಕೆಗಳ ಪಟ್ಟಿಯು, ಏಕೆ ಸಾಯಬೇಕೆನಿಸುತ್ತದೆ ಎಂದು ಕೇಳದೆ, ಸಾಯದಿರುವುದಕ್ಕೆ ಕಾರಣವೇನೆಂದು ಕೇಳುತ್ತದೆ. ಕಷ್ಟವನ್ನು ದಾಟಬಲ್ಲೆನೆಂಬ ನಂಬಿಕೆ, ಕುಟುಂಬದ ಹೊಣೆ, ಮಕ್ಕಳ ಚಿಂತೆ, ಆತ್ಮಹತ್ಯೆಯ ಭಯ, ಲೋಕಾಪವಾದದ ಅಂಜಿಕೆ, ಧಾರ್ಮಿಕ ನೈತಿಕ ಆಕ್ಷೇಪ ಎಂಬ ಆರು ಗುಂಪುಗಳಾಗಿ ಆ ಕಾರಣಗಳು ಸೇರಿದುವು. ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಹಿಂದೆ ಹೇಳಿದ ಪ್ರಶ್ನಾವಳಿಗಳಲ್ಲಿ ಕಳಂಕವೆಂದು ಎಣಿಕೆಯಾಗುವ ಲೋಕಾಪವಾದದ ಭಯವೇ ಇಲ್ಲಿ ಜೀವವನ್ನು ಹಿಡಿದಿಡುವ ಕಾರಣಗಳಲ್ಲೊಂದಾಗಿ ನಿಂತಿದೆ. ಅದೇ ಭಯವು ಮನುಷ್ಯನನ್ನು ಸಾವಿನಿಂದ ಹಿಂದೆಳೆಯಬಹುದು. ವೈದ್ಯನ ಬಾಗಿಲಿನಿಂದಲೂ ಹಿಂದೆಳೆಯಬಹುದು. ಅದನ್ನು ಅಳಿಸುವುದು ಒಳಿತೆ, ಉಳಿಸುವುದು ಒಳಿತೆ ಎಂಬುದಕ್ಕೆ ಅಂಕಗಳು ಉತ್ತರ ಕೊಡುವುದಿಲ್ಲ. ಕೃತ್ಯವನ್ನು ಕುರಿತ ಹಿಂಜರಿಕೆಯನ್ನು ಹಾಗೆಯೇ ಬಿಟ್ಟು, ಸಹಾಯ ಬೇಡುವುದಕ್ಕೆ ಅಂಟಿಕೊಂಡ ನಾಚಿಕೆಯನ್ನು ಮಾತ್ರ ಕಳೆಯುವುದು ವಿವೇಕದ ಮಾರ್ಗವೆಂದು ತೋರುತ್ತದೆ. ಈ ಎರಡನ್ನೂ ಬೇರೆಯಾಗಿ ಅಳೆಯಬಲ್ಲ ಪ್ರಶ್ನಾವಳಿಯಿಂದ ಮಾತ್ರ ಅಂತಹ ಪ್ರಯತ್ನ ಫಲಿಸಿತೋ ಇಲ್ಲವೋ ಎಂದು ತಿಳಿಯಬಹುದು.

ಪ್ರಶ್ನಾವಳಿಯು ಒಬ್ಬ ವ್ಯಕ್ತಿಯ ಭವಿಷ್ಯವನ್ನು ಹೇಳುವ ಜಾತಕವಲ್ಲ. ಒಂದು ಸಮುದಾಯದಲ್ಲಿ ಯಾವ ತಪ್ಪು ತಿಳಿವಳಿಕೆ ಹರಡಿದೆ, ದಾದಿಯರಲ್ಲೋ ಶಿಕ್ಷಕರಲ್ಲೋ ಯಾವ ತಿರಸ್ಕಾರ ಬೇರೂರಿದೆ, ಕೊಟ್ಟ ಶಿಕ್ಷಣದಿಂದ ಅದು ತಗ್ಗಿತೆ ಎಂಬುದನ್ನು ತಿಳಿಸುವ ಸಾಧನ ಅದು. ಆ ಮಿತಿಯೊಳಗೆ ಅದರ ಉಪಯೋಗ ಸಣ್ಣದಲ್ಲ. ಕನ್ನಡದಲ್ಲಿ ಇಂತಹ ಸಾಧನವನ್ನು ಸಿದ್ಧಪಡಿಸುವವರು ಹೊರಗಿನ ಪಟ್ಟಿಗಳನ್ನು ಭಾಷಾಂತರಿಸುವುದರಿಂದ ಆರಂಭಿಸುವುದಕ್ಕೆ ಬದಲಾಗಿ, ಥರ್ಸ್ಟನ್ ಮಾಡಿದಂತೆ ಜನರ ಬಾಯಿಯಿಂದಲೇ ಹೇಳಿಕೆಗಳನ್ನು ಸಂಗ್ರಹಿಸುವುದರಿಂದ ಆರಂಭಿಸಿದರೆ, ಧಾರವಾಡದ ಮನೆಯಲ್ಲಿಯೂ ದಾದರಿನ ಮನೆಯಲ್ಲಿಯೂ 'ಏನೋ ಮಾಡಿಕೊಂಡುಬಿಟ್ಟ' ಎಂಬ ಮಾತಿನ ಹಿಂದೆ ನಿಜವಾಗಿ ಇರುವುದೇನೆಂದು ಮೊದಲ ಬಾರಿಗೆ ಕೇಳಿದಂತಾಗುತ್ತದೆ.